ಭೂಗತ ವಿದ್ಯುತ್ ಕೇಬಲುಗಳ ಪರೀಕ್ಷೆ

'ಪರೀಕ್ಷೆ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಿದ್ಯಾರ್ಥಿಗಳಿಗೆ ವರ್ಷಾಂತ್ಯದ ದಿನಗಳು ನೆನಪಾಗುವುದು ಸಹಜ. ಆದರೆ ಪರೀಕ್ಷೆಯೆಂಬುದು ಮನುಷ್ಯರಿಗೆ ಮಾತ್ರ ಮೀಸಲಾದುದಲ್ಲ. ಸೇತುವೆಗೆ ಪರೀಕ್ಷೆಯುಂಟು, ಹಬೆಯ ಬಾಯ್ಲರಿಗೆ ಪರೀಕ್ಷೆಯುಂಟು, ನೆಲದಡಿಯಲ್ಲಿ ಹೂಳಿದ ವಿದ್ಯುತ್ ಕೇಬಲಿಗೂ ಪರೀಕ್ಷೆಯುಂಟು. ಈ ಕೊನೆಯದರ ಇತಿಹಾಸದಲ್ಲಿ ಒಂದು ವಿಶೇಷವಿದೆ. ಬಹುಕಾಲ ಎಲ್ಲರೂ ನಂಬಿ ನಡೆಸುತ್ತ ಬಂದ ಪರೀಕ್ಷೆಯೊಂದು, ತಾನು ಪರೀಕ್ಷಿಸುವ ವಸ್ತುವನ್ನೇ ಕೆಡಿಸುತ್ತಿದೆಯೆಂದು ತಿಳಿದುಬಂದಿತು. ಆಗ ತಜ್ಞರು ಪರೀಕ್ಷೆಯ ನಿಯಮವನ್ನೇ ತಿದ್ದಿ ಬರೆದರು. ಅದು ಹೇಗೆ, ಏಕೆ ಎಂಬುದನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಕೇಬಲಿನ ರಚನೆ

ಕಂಬಗಳ ಮೇಲೆ ಹಾದುಹೋಗುವ ತಂತಿಗೆ ಸುತ್ತಲಿನ ಗಾಳಿಯೇ ಅವಾಹಕ. ಸಿಡಿಲಿನ ಹೊಡೆತಕ್ಕೆ ಗಾಳಿಯಲ್ಲಿ ಕಿಡಿ ಹಾರಿದರೂ, ಕಿಡಿ ಆರಿದ ಬಳಿಕ ಗಾಳಿ ಮೊದಲಿನಂತೆಯೇ ಆಗುತ್ತದೆ. ನೆಲದಡಿಯ ಕೇಬಲಿಗೆ ಈ ಭಾಗ್ಯವಿಲ್ಲ. ಅದರ ನಡುವೆ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ವಾಹಕ, ಅದರ ಸುತ್ತ ಅವಾಹಕದ ಪದರ, ಅದಕ್ಕೂ ಹೊರಗೆ ಭೂಮಿಗೆ ಜೋಡಿಸಿದ ಲೋಹದ ತೆರೆ, ಎಲ್ಲಕ್ಕೂ ಹೊರಗೆ ಪ್ಲಾಸ್ಟಿಕಿನ ಹೊದಿಕೆ ಇರುತ್ತವೆ. ಮೂರು ಫೇಸುಗಳ 11 ಕಿಲೋವೋಲ್ಟ್ ವ್ಯವಸ್ಥೆಯಲ್ಲಿ ವಾಹಕಕ್ಕೂ ಭೂಮಿಗೂ ನಡುವಣ ಒತ್ತಡ 11ನ್ನು 1.732ರಿಂದ ಭಾಗಿಸಿದಷ್ಟು, ಎಂದರೆ 6.35 ಕಿಲೋವೋಲ್ಟ್. ಇದನ್ನು ಮುಂದೆ 'ಮೂಲ ಒತ್ತಡ'ವೆಂದು ಕರೆಯೋಣ. ಹಗಲೂ ರಾತ್ರಿಯೂ ಈ ಒತ್ತಡವನ್ನು ತಡೆದು ನಿಲ್ಲುವ ಅವಾಹಕದ ದಪ್ಪ ಸುಮಾರು ಮೂರೂವರೆ ಮಿಲಿಮೀಟರು ಮಾತ್ರ. ಅದಕ್ಕೆ ಒಮ್ಮೆ ತೂತು ಬಿದ್ದರೆ ತಾನಾಗಿ ಮುಚ್ಚಿಕೊಳ್ಳದು.

ಕೇಬಲು ಕೆಟ್ಟರೆ ಏನಾಗುವುದೆಂಬುದಕ್ಕೆ ಆಕ್ಲೆಂಡ್ ನಗರವೇ ಸಾಕ್ಷಿ. 1998ರ ಜನವರಿ ಮತ್ತು ಫೆಬ್ರವರಿಯಲ್ಲಿ ನ್ಯೂಜೀಲೆಂಡಿನ ಆ ನಗರದ ಮಧ್ಯಭಾಗಕ್ಕೆ ಶಕ್ತಿ ಒದಗಿಸುತ್ತಿದ್ದ 110 ಕಿಲೋವೋಲ್ಟಿನ ನಾಲ್ಕು ಕೇಬಲುಗಳು ಒಂದರ ಹಿಂದೊಂದರಂತೆ ಕೆಟ್ಟುಹೋದವು. ಸುಮಾರು ಐದು ವಾರ ಕಾಲ ಅಂಗಡಿಗಳೂ ಕಚೇರಿಗಳೂ ಮನೆಗಳೂ ಸಂಕಟಪಟ್ಟವು.

ಸ್ಥಳದಲ್ಲಿಯೇ ಪರೀಕ್ಷೆ ಏಕೆ?

ಕಾರ್ಖಾನೆಯಿಂದ ಹೊರಡುವ ಮುನ್ನವೇ ಕೇಬಲಿಗೆ ಪರೀಕ್ಷೆಯಾಗಿರುತ್ತದೆ. ಹಾಗಿದ್ದರೆ ಕಂದಕದಲ್ಲಿ ಹಾಸಿದ ಮೇಲೆ ಮತ್ತೊಂದು ಪರೀಕ್ಷೆ ಏಕೆ? ಕಾರ್ಖಾನೆಯಲ್ಲಿ ತೇರ್ಗಡೆಯಾದದ್ದು ದೊಡ್ಡ ಮರದುರುಳೆಗೆ ಸುತ್ತಿದ ಕೇಬಲು. ಅನಂತರ ಅದನ್ನು ಲಾರಿಯಲ್ಲಿ ಸಾಗಿಸಿ, ಬಿಚ್ಚಿ, ಎಳೆದು, ಬಾಗಿಸಿ ಹಾಸುತ್ತಾರೆ. ಒಂದು ಉರುಳೆಯ ಕೇಬಲು ಸಾಲದಾದಾಗ ಎರಡು ತುದಿಗಳನ್ನು ಕಂದಕದಲ್ಲಿ ಕುಳಿತು ಕೈಯಿಂದಲೇ ಜೋಡಿಸುತ್ತಾರೆ. ಆ ಜೋಡಣೆಯಲ್ಲಿ ಒಂದು ಧೂಳಿನ ಕಣ, ಒಂದು ಹನಿ ತೇವ, ಚಾಕುವಿನ ಒಂದು ಗೀರು ಉಳಿದರೂ ಕೇಡು ತಪ್ಪದು. ಕಾರ್ಖಾನೆಯ ಪ್ರಮಾಣಪತ್ರ ಕಾರ್ಖಾನೆಯ ಕೆಲಸಕ್ಕೆ ಮಾತ್ರ ಸಾಕ್ಷಿ. ಕಂದಕದಲ್ಲಿ ಆದ ಕೆಲಸಕ್ಕೆ ಕಂದಕದಲ್ಲಿಯೇ ಪರೀಕ್ಷೆಯಾಗಬೇಕು.

ಉಚ್ಚ ಒತ್ತಡದ ಕೇಬಲಿನ ಮೊದಲ ದಿನಗಳಲ್ಲಿ ಪರೀಕ್ಷೆ ಬಹಳ ಒರಟಾಗಿತ್ತು. 1890ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಸೆಬಾಸ್ಟಿಯನ್ ಫೆರಾಂಟಿ ಎಂಬ ಎಂಜಿನಿಯರು ಡೆಪ್ಟ್‌ಫರ್ಡಿನ ವಿದ್ಯುದಾಗಾರದಿಂದ ಲಂಡನ್ ನಗರಕ್ಕೆ 10,000 ವೋಲ್ಟಿನ ಕೇಬಲನ್ನು ಹಾಕಿಸಿದನು. ಒಂದರೊಳಗೊಂದು ಸೇರಿಸಿದ ಎರಡು ತಾಮ್ರದ ಕೊಳವೆಗಳು, ಅವುಗಳ ನಡುವೆ ಮೇಣದಲ್ಲಿ ನೆನೆಸಿದ ಕಾಗದ. ಇದು ಅದರ ರಚನೆ. ಇಪ್ಪತ್ತು ಅಡಿಯ ತುಂಡುಗಳಾದುದರಿಂದ ಸಾವಿರಾರು ಜೋಡಣೆಗಳು ಬೇಕಾದವು. ಇಷ್ಟು ಒತ್ತಡದ ಕೇಬಲು ಬೀದಿಯಲ್ಲಿದ್ದರೆ ಜನರ ಗತಿಯೇನೆಂದು ಅಧಿಕಾರಿಗಳು ಅಂಜಿದರು. ಅವರ ಅಂಜಿಕೆಯನ್ನು ಕಳೆಯಲೆಂದು ಫೆರಾಂಟಿಯ ಸಹಾಯಕನೊಬ್ಬನು, ಶಕ್ತಿ ಹರಿಯುತ್ತಿದ್ದ ಕೇಬಲಿನ ಮೇಲೆ ಉಳಿಯನ್ನು ಹಿಡಿದು ನಿಂತನು. ಇನ್ನೊಬ್ಬನು ಸುತ್ತಿಗೆಯಿಂದ ಹೊಡೆದು ಅದನ್ನು ಒಳಗಿಳಿಸಿದನು. ಹೊರಗಿನ ಕೊಳವೆ ಭೂಮಿಗೆ ಜೋಡಣೆಯಾಗಿದ್ದುದರಿಂದ ಪ್ರವಾಹವೆಲ್ಲ ಅದರ ಮೂಲಕ ಭೂಮಿಗೆ ಹರಿದು, ಉಳಿ ಹಿಡಿದವನಿಗೆ ಏನೂ ಆಗಲಿಲ್ಲ. ಮನುಷ್ಯನು ಉಳಿದನು, ಆದರೆ ಕೇಬಲಿನ ಆ ತುಂಡು ಉಳಿಯಲಿಲ್ಲ. ಪರೀಕ್ಷೆಯ ಬಳಿಕವೂ ಬಳಸಬೇಕಾದ ಕೇಬಲಿಗೆ ಬೇರೆ ದಾರಿಯೇ ಬೇಕಾಗಿತ್ತು.

ಏಕಮುಖ ಒತ್ತಡದ ಪರೀಕ್ಷೆ

ಕೇಬಲಿಗೆ ನಿತ್ಯದ ಒತ್ತಡಕ್ಕಿಂತ ಹೆಚ್ಚಿನ ಒತ್ತಡವನ್ನು ನಿಯಮಿತ ಕಾಲ ಕೊಟ್ಟು, ತಾಳುವುದೋ ಇಲ್ಲವೋ ಎಂದು ನೋಡುವುದು ಸರಿಯಾದ ದಾರಿ. ಆದರೆ ಇಲ್ಲಿ ಒಂದು ತೊಡಕುಂಟು. ಎರಡು ಲೋಹಗಳ ನಡುವೆ ಅವಾಹಕವಿರುವ ಕೇಬಲು ಒಂದು ಉದ್ದನೆಯ ಲೇಡನ್ ಜಾಡಿಯೇ ಸರಿ. ಪರ್ಯಾಯ ಒತ್ತಡವನ್ನು ಕೊಟ್ಟರೆ ಅದು ಸೆಕೆಂಡಿಗೆ 50 ಆವೃತ್ತಿಗಳಂತೆ ತುಂಬುತ್ತಲೂ ಬರಿದಾಗುತ್ತಲೂ ಇರಬೇಕು. ಮೇಲಿನ ತರಗತಿಯ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. 11 ಕಿಲೋವೋಲ್ಟಿನ ಒಂದು ದಪ್ಪ ಕೇಬಲಿನ ಧಾರಣಶಕ್ತಿ ಕಿಲೋಮೀಟರಿಗೆ 0.4 ಮೈಕ್ರೋಫ್ಯಾರಡ್ ಎಂದಿಟ್ಟುಕೊಳ್ಳೋಣ. ಮೂಲ ಒತ್ತಡದ ಮೂರು ಪಟ್ಟು, ಎಂದರೆ ಸುಮಾರು 19,000 ವೋಲ್ಟ್ ಕೊಡಬೇಕಾಗಿದೆ. ಒತ್ತಡದ ವರ್ಗ, 6.28, ಆವೃತ್ತಿ, ಧಾರಣಶಕ್ತಿ ಇವುಗಳನ್ನು ಗುಣಿಸಿದರೆ ಸುಮಾರು 45,000 ವೋಲ್ಟ್-ಆಂಪೇರ್ ಬರುತ್ತದೆ. ಒಂದೇ ಕಿಲೋಮೀಟರಿಗೆ ಇಷ್ಟು! ಇಂತಹ ಭಾರವಾದ ಯಂತ್ರವನ್ನು ಬೀದಿಬೀದಿಗೆ ಒಯ್ಯುವುದು ಸುಲಭವಲ್ಲ.

ಏಕಮುಖ ಒತ್ತಡಕ್ಕಾದರೋ ಕೇಬಲನ್ನು ಒಂದೇ ಸಲ ತುಂಬಿದರೆ ಸಾಕು. ಅನಂತರ ಹರಿಯುವುದು ಸೋರಿಕೆಯ ಅಲ್ಪ ಪ್ರವಾಹ ಮಾತ್ರ. ಯಂತ್ರ ಚಿಕ್ಕದು, ಕೆಲಸ ಸುಲಭ. ಎಣ್ಣೆಯಲ್ಲಿ ನೆನೆದ ಕಾಗದವನ್ನು ಸುತ್ತಿ ಸೀಸದ ಕವಚ ತೊಡಿಸಿದ ಕೇಬಲುಗಳ ಕಾಲದಲ್ಲಿ ಈ ಪರೀಕ್ಷೆ ದಶಕಗಳ ಕಾಲ ಒಳ್ಳೆಯ ಸೇವೆ ಸಲ್ಲಿಸಿತು. ಆದುದರಿಂದ ಅದೇ ರೂಢಿಯಾಯಿತು.

ರೂಢಿಯಲ್ಲಿ ಕಂಡ ದೋಷ

1960ರ ದಶಕದಿಂದ ಈಚೆಗೆ ಕಾಗದದ ಸ್ಥಾನಕ್ಕೆ ಪಾಲಿಥೀನ್ ಬಂದಿತು. ಅದರಲ್ಲಿಯೂ ಅಣುಸರಪಳಿಗಳನ್ನು ಅಡ್ಡಡ್ಡಲಾಗಿ ಹೆಣೆದು ಗಟ್ಟಿಗೊಳಿಸಿದ ಪಾಲಿಥೀನ್ ಹರಡಿತು. ವಸ್ತು ಬದಲಾಯಿತು, ಪರೀಕ್ಷೆ ಮಾತ್ರ ಹಳೆಯದೇ ಉಳಿಯಿತು. ಇಲ್ಲಿಯೇ ತಪ್ಪು ನುಸುಳಿತು.

ತೇವವಾದ ನೆಲದಲ್ಲಿ ವರ್ಷಗಟ್ಟಲೆ ಇದ್ದ ಪಾಲಿಥೀನಿನೊಳಗೆ ನೀರೂ ವಿದ್ಯುತ್ ಕ್ಷೇತ್ರವೂ ಸೇರಿ, ಪೊದೆಯಂತೆ ಕವಲೊಡೆದ ಅತಿ ಸೂಕ್ಷ್ಮವಾದ ಗೆರೆಗಳನ್ನು ಬೆಳೆಸುತ್ತವೆ. ಇವಕ್ಕೆ 'ನೀರ್ಮರ'ಗಳೆಂಬ ಹೆಸರು ಒಪ್ಪುತ್ತದೆ. ಇಂತಹ ಕೇಬಲಿಗೆ ಏಕಮುಖ ಒತ್ತಡವನ್ನು ಕೊಟ್ಟಾಗ ವಿದ್ಯುದಂಶಗಳು ಆ ದುರ್ಬಲ ತಾಣಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ. ಪರೀಕ್ಷೆ ಮುಗಿದರೂ ಅವು ಬೇಗನೆ ತೊಲಗವು. ಕೇಬಲು ತೇರ್ಗಡೆಯಾಯಿತೆಂದು ಬರೆದು, ಎಂದಿನ ಪರ್ಯಾಯ ಒತ್ತಡಕ್ಕೆ ಜೋಡಿಸಿದಾಗ, ಹಳೆಯ ವಿದ್ಯುದಂಶಗಳ ಪ್ರಭಾವ ಹೊಸ ಒತ್ತಡದೊಡನೆ ಕೂಡಿ ಅವಾಹಕ ಒಡೆಯುತ್ತದೆ. ಅಮೆರಿಕದ ವಿದ್ಯುಚ್ಛಕ್ತಿ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಇದನ್ನು ದೃಢಪಡಿಸಿದವು. ಹೊಸ ಕೇಬಲಿಗೆ ಏಕಮುಖ ಒತ್ತಡದಿಂದ ಹಾನಿ ಕಾಣಲಿಲ್ಲ. ಬಳಸಿ ಹಳತಾದ ಕೇಬಲಿನ ಆಯುಸ್ಸು ಮಾತ್ರ ಅದರಿಂದ ಕುಗ್ಗಿತು. ಇದರ ಮೇಲೆ ಇನ್ನೊಂದು ಕೊರತೆಯೂ ಉಂಟು. ಪಾಲಿಥೀನಿನೊಳಗಿನ ಎಷ್ಟೋ ದೋಷಗಳನ್ನು ಏಕಮುಖ ಒತ್ತಡ ಹೊರಗೆಡಹುವುದೇ ಇಲ್ಲ. ದೋಷವನ್ನು ತೋರಿಸದೆ, ಇರುವ ದೋಷವನ್ನು ಬೆಳೆಸುವ ಪರೀಕ್ಷೆಯಿಂದ ಏನು ಪ್ರಯೋಜನ?

ಹೊಸ ಮಾನಕಗಳು

ಅಮೆರಿಕದ ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ಎಂಜಿನಿಯರರ ಸಂಸ್ಥೆಯ 400ನೆಯ ಮಾರ್ಗದರ್ಶಿ, 2001ರ ಆವೃತ್ತಿಯಲ್ಲಿ, ಹಳೆಯ ಪಾಲಿಥೀನ್ ಕೇಬಲುಗಳ ಏಕಮುಖ ಪರೀಕ್ಷೆಯ ವಿಷಯವಾಗಿ ಎಚ್ಚರಿಕೆ ಕೊಟ್ಟಿತು. ಅದರ ಉಪಮಾರ್ಗದರ್ಶಿಯೊಂದು 2004ರಲ್ಲಿ ಅತಿಮಂದ ಆವೃತ್ತಿಯ ಪರೀಕ್ಷೆಯನ್ನು ವಿವರಿಸಿತು. ಇದರಲ್ಲಿ ಒತ್ತಡ ಸೆಕೆಂಡಿಗೆ 50 ಸಲ ಆವರ್ತಿಸುವುದರ ಬದಲು ಹತ್ತು ಸೆಕೆಂಡಿಗೆ ಒಂದೇ ಸಲ ಆವರ್ತಿಸುತ್ತದೆ. ಆವೃತ್ತಿ 500 ಪಟ್ಟು ಕಡಮೆಯಾದುದರಿಂದ, ಮೇಲಿನ ಲೆಕ್ಕದ 45,000 ವೋಲ್ಟ್-ಆಂಪೇರ್ ಬರಿಯ 90ಕ್ಕೆ ಇಳಿಯುತ್ತದೆ! ಐದು ಸೆಕೆಂಡಿಗೊಮ್ಮೆ ಒತ್ತಡದ ದಿಕ್ಕು ಬದಲಾಗುವುದರಿಂದ ವಿದ್ಯುದಂಶಗಳು ಒಂದೆಡೆ ಬೇರೂರಿ ನಿಲ್ಲಲು ಅವಕಾಶವೂ ಇಲ್ಲ. ಯಂತ್ರವೂ ಚಿಕ್ಕದಾಯಿತು, ಕೇಬಲೂ ಉಳಿಯಿತು.

ಅಂತಾರಾಷ್ಟ್ರೀಯ ವಿದ್ಯುತ್ ತಂತ್ರ ಆಯೋಗದ 60502ನೆಯ ಮಾನಕದ ಎರಡನೆಯ ಭಾಗ, 2014ರ ಆವೃತ್ತಿಯಲ್ಲಿ, 30 ಕಿಲೋವೋಲ್ಟಿನವರೆಗಿನ ಹೊಸ ಕೇಬಲಿಗೆ ಈ ಅತಿಮಂದ ಆವೃತ್ತಿಯಲ್ಲಿ ಮೂಲ ಒತ್ತಡದ ಮೂರು ಪಟ್ಟನ್ನು 15 ನಿಮಿಷ ಕೊಡಬಹುದೆಂದು ಹೇಳಿತು. ಮೂಲ ಒತ್ತಡವನ್ನೇ 24 ಗಂಟೆ ಕೊಡುವುದು ಇನ್ನೊಂದು ದಾರಿ. 110 ಕಿಲೋವೋಲ್ಟಿನಂತಹ ದೊಡ್ಡ ಕೇಬಲುಗಳಿಗೆ 60840ನೆಯ ಮಾನಕವುಂಟು. ಅಲ್ಲಿ ಮೂಲ ಒತ್ತಡ 64 ಕಿಲೋವೋಲ್ಟ್. ಪರೀಕ್ಷೆಯ ಒತ್ತಡ 128 ಕಿಲೋವೋಲ್ಟ್. ಅವಧಿ ಒಂದು ಗಂಟೆ. ಆವೃತ್ತಿ 20ರಿಂದ 300ರವರೆಗೆ. ಇದಕ್ಕೆ ಬೇಕಾದ ಅಪಾರ ಶಕ್ತಿಯನ್ನು ಅನುರಣನದಿಂದ ಪಡೆಯುತ್ತಾರೆ. ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲನೆ ನೂಕಿದರೆ ಅದು ಎಷ್ಟು ಎತ್ತರಕ್ಕೆ ಹೋಗುತ್ತದೆ! ಹಾಗೆಯೇ ಒಂದು ದೊಡ್ಡ ತಂತಿಸುರುಳಿಯನ್ನು ಕೇಬಲಿಗೆ ಜೋಡಿಸಿ, ಇಬ್ಬರಿಗೂ ಒಪ್ಪುವ ಆವೃತ್ತಿಯನ್ನು ಹುಡುಕಿಕೊಂಡರೆ, ಹೊರಗಿನಿಂದ ಸ್ವಲ್ಪ ಶಕ್ತಿ ಕೊಟ್ಟರೆ ಸಾಕಾಗುತ್ತದೆ.

ನಮ್ಮ ದೇಶದಲ್ಲಿ 33 ಕಿಲೋವೋಲ್ಟಿನವರೆಗಿನ ಕೇಬಲುಗಳನ್ನು ಹಾಸುವ ಮತ್ತು ಪಾಲಿಸುವ ಕ್ರಮವನ್ನು 1255ನೆಯ ಭಾರತೀಯ ಮಾನಕವೂ, ಪಾಲಿಥೀನ್ ಕೇಬಲುಗಳ ಗುಣಗಳನ್ನು 7098ನೆಯ ಮಾನಕವೂ ತಿಳಿಸುತ್ತವೆ.

ಪರೀಕ್ಷೆಯನ್ನು ನಿಗದಿಯಾದ ಕಾಲಕ್ಕೆ ಮುಂಚೆ ನಿಲ್ಲಿಸಬಾರದೆಂಬುದಕ್ಕೂ ಕಾರಣವಿದೆ. ದುರ್ಬಲ ತಾಣದಿಂದ ಹೊರಟ ಬಿರುಕು ಅರ್ಧ ದಾರಿಗೆ ಬಂದಾಗ ಒತ್ತಡ ನಿಂತರೆ, ಗಾಯಗೊಂಡ ಕೇಬಲು ತೇರ್ಗಡೆಯ ಚೀಟಿ ಹೊತ್ತು ಕೆಲಸಕ್ಕೆ ಹೋಗುತ್ತದೆ. ಅವಸರದ ಪರೀಕ್ಷೆ ಪರೀಕ್ಷೆಯಿಲ್ಲದುದಕ್ಕಿಂತ ಕೆಡುಕು.

ರೋಗನಿದಾನ

ತಾಳಿಕೆಯ ಪರೀಕ್ಷೆ 'ತೇರ್ಗಡೆ', 'ನಪಾಸು' ಎಂಬ ಎರಡೇ ಮಾತುಗಳನ್ನು ಬಲ್ಲದು. ವೈದ್ಯನು ನಾಡಿ ನೋಡುವಂತೆ ಕೇಬಲಿನ ಆರೋಗ್ಯವನ್ನು ನೋಡುವ ಪರೀಕ್ಷೆಗಳೂ ಇವೆ. ಪರಿಪೂರ್ಣವಾದ ಅವಾಹಕದಲ್ಲಿ ಪ್ರವಾಹವು ಒತ್ತಡಕ್ಕಿಂತ ಸರಿಯಾಗಿ 90 ಅಂಶ ಮುಂದಿರಬೇಕು. ಅವಾಹಕ ಕೆಡುತ್ತ ಬಂದಂತೆ ಈ ಕೋನ ತುಸು ಕಡಮೆಯಾಗುತ್ತದೆ. ಕಡಮೆಯಾದ ಕೋನದ ಟ್ಯಾನ್ ಬೆಲೆಯನ್ನು ಅಳೆಯುವುದೇ 'ಟ್ಯಾನ್ ಡೆಲ್ಟಾ' ಪರೀಕ್ಷೆ. ತ್ರಿಕೋನಮಿತಿ ಯಾತಕ್ಕೆ ಎಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಅತಿಮಂದ ಆವೃತ್ತಿಯ ಮಾರ್ಗದರ್ಶಿಯ 2013ರ ಆವೃತ್ತಿಯ ಪ್ರಕಾರ, ಬಳಕೆಯಲ್ಲಿರುವ ಪಾಲಿಥೀನ್ ಕೇಬಲಿಗೆ ಮೂಲ ಒತ್ತಡದಲ್ಲಿ ಈ ಬೆಲೆ 0.004ಕ್ಕಿಂತ ಕಡಮೆಯಿದ್ದರೆ ಚಿಂತೆಯಿಲ್ಲ, 0.050ನ್ನು ಮೀರಿದರೆ ಕೂಡಲೆ ಕ್ರಮ ಕೈಗೊಳ್ಳಬೇಕು. ನಡುವೆ ಇದ್ದರೆ 'ಇನ್ನಷ್ಟು ಪರಿಶೀಲನೆ ಅಗತ್ಯ'. ಇತರ ಕೆಲವು ಅಳತೆಗಳನ್ನೂ ಇದರೊಡನೆ ನೋಡುತ್ತಾರೆ. ಅವಾಹಕದೊಳಗಿನ ಗಾಳಿಗುಳ್ಳೆಗಳಲ್ಲಿ ಹಾರುವ ಅತಿ ಚಿಕ್ಕ ಕಿಡಿಗಳನ್ನು ಹಿಡಿಯುವ ಪರೀಕ್ಷೆಯೂ ಬೇರೆ ಉಂಟು. ಆ ವಿದ್ಯುದಂಶದ ಅಳತೆ ಪಿಕೋಕೂಲಂಬಿನಲ್ಲಿ, ಎಂದರೆ ಒಂದು ಕೂಲಂಬಿನ ಲಕ್ಷಕೋಟಿಯ ಒಂದು ಭಾಗದ ಲೆಕ್ಕದಲ್ಲಿ.

ಎಚ್ಚರಿಕೆಯ ಮಾತು

ಪರೀಕ್ಷೆ ಮುಗಿದ ಕೇಬಲು ವಿದ್ಯುದಂಶವನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ನಿರೋಧಕವುಳ್ಳ ಕೋಲಿನ ಮೂಲಕ ಬರಿದು ಮಾಡಿ, ಭೂಮಿಗೆ ಜೋಡಿಸಿದ ಬಳಿಕವೇ ಬಲ್ಲವರು ಮುಟ್ಟುತ್ತಾರೆ. ಕೇಬಲಿನ ಕೆಲಸ ನಡೆಯುವ ಕಡೆ ಹಗ್ಗ ಕಟ್ಟಿದ್ದರೆ ಮಕ್ಕಳು ಅದನ್ನು ದಾಟಬಾರದು. ಮನೆಯ ಮುಂದೆ ಗುಂಡಿ ತೋಡಿಸುವ ಪೋಷಕರು, ಮಣ್ಣಿನಡಿಯಲ್ಲಿ ಸಾಲಾಗಿ ಜೋಡಿಸಿದ ಇಟ್ಟಿಗೆ, ಹಂಚು ಅಥವಾ ಎಚ್ಚರಿಕೆಯ ಪಟ್ಟಿ ಕಂಡೊಡನೆ ಕೆಲಸ ನಿಲ್ಲಿಸಿ ವಿದ್ಯುತ್ ಕಚೇರಿಗೆ ತಿಳಿಸಬೇಕು. ಅದರ ಕೆಳಗೆ ಕೇಬಲಿರುತ್ತದೆ.

ಕೇಬಲಿನ ಈ ಕಥೆಯಿಂದ ನಾವು ಕಲಿಯುವುದೇನು? ಒಳ್ಳೆಯ ಪರೀಕ್ಷೆ ಇದ್ದ ದೋಷವನ್ನು ತೋರಿಸಬೇಕು, ಇಲ್ಲದ ದೋಷವನ್ನು ಹುಟ್ಟಿಸಬಾರದು. ಪರೀಕ್ಷಿಸುವ ವಸ್ತು ಬದಲಾದರೆ ಪರೀಕ್ಷೆಯೂ ಬದಲಾಗಬೇಕು. ದಶಕಗಳ ರೂಢಿಯನ್ನು ಅಳತೆಯ ಸಾಕ್ಷಿಯ ಮುಂದೆ ಬಿಟ್ಟುಕೊಟ್ಟ ಎಂಜಿನಿಯರರ ವಿನಯ ದೊಡ್ಡದು. ಕೇಬಲಿಗೂ 'ಇನ್ನಷ್ಟು ಪರಿಶೀಲನೆ ಅಗತ್ಯ' ಎಂಬ ಮೂರನೆಯ ಸಾಲನ್ನು ಅವರು ಬರೆದಿಟ್ಟಿದ್ದಾರೆ. ಮಕ್ಕಳ ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುವಾಗ ತಂದೆತಾಯಿಗಳೂ ಅಧ್ಯಾಪಕರೂ ಆ ಸಾಲನ್ನು ನೆನೆದರೆ ಒಳಿತು.