ಬಂಗಾಳಕೊಲ್ಲಿಯ ಚಂಡಮಾರುತಕ್ಕೆ ನಿಲಂಗಾದ ಸೋಯಾ ಹೊಲದಲ್ಲಿ ತಯಾರಿ

ಚಂಡಮಾರುತ ಎಂದರೆ ಕಡಲದಂಡೆಯವರ ಪಾಡು, ಮರಾಠವಾಡದ ಉಮರ್ಗಾ, ನಿಲಂಗಾ, ಉದಗೀರದ ಎರೆಭೂಮಿಗೆ ಅದರ ಗೊಡವೆ ಏಕೆ ಎನ್ನುವವರು 2020 ಮತ್ತು 2021ರ ಸುಗ್ಗಿಯನ್ನು ನೆನೆಯಬೇಕು. 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಡ ಹತ್ತಿದ ವಾಯುಭಾರ ಕುಸಿತ 650ಕ್ಕೂ ಹೆಚ್ಚು ಕಿ.ಮೀ. ನೆಲ ದಾಟಿ ಮರುದಿನವೇ ಉಸ್ಮಾನಾಬಾದ್, ಸೊಲ್ಲಾಪುರ ಸೀಮೆಯಲ್ಲಿ ಸುರಿಯಿತು. ಮರುವರ್ಷ ‘ಗುಲಾಬ್’ ಚಂಡಮಾರುತ ಸೆಪ್ಟೆಂಬರ್ 26ರಂದು ಆಂಧ್ರ-ಒಡಿಶಾ ಕರಾವಳಿ ದಾಟಿತು. 28ಕ್ಕೆಲ್ಲ ಮಾಂಜರಾ ಅಣೆಕಟ್ಟಿನ ಗೇಟು ಎತ್ತಬೇಕಾಯಿತು, ಹೊಳೆದಂಡೆಯ ಹೊಲಗಳು ನೀರುಪಾಲಾದವು. ದಾರಿಯಲ್ಲಿ ಇಳಿಯುವುದು ಗಾಳಿಯ ಜೋರು, ಮಳೆಯದಲ್ಲ. ಕಾಕಿನಾಡ, ವಿಶಾಖಪಟ್ಟಣದ ಸುದ್ದಿ ಕೇಳಿದ ಮೇಲೆ ನಮಗೆ ಉಳಿಯುವುದು ಒಂದೆರಡು ದಿನ. ಆ ದಿನಗಳಲ್ಲಿ ಗಾಬರಿಯಿಂದ ಸೋಯಾ ಕೊಯ್ಯಬಾರದು, ಕೊಯ್ದದ್ದನ್ನು ಎತ್ತಿಡಬೇಕು ಎಂಬುದೇ ಇಲ್ಲಿನ ವಾದ.

ನಿಂತ ಬೆಳೆಯ ಕಾಯಿ ನೆಲದಿಂದ ಮೇಲಿರುತ್ತದೆ, ಮಳೆ ಬಿಟ್ಟೊಡನೆ ಗಾಳಿಗೆ ಆರುತ್ತದೆ. ಕೊಯ್ದು ಹರವಿದ ಬೆಳೆ ಎರೆಮಣ್ಣಿನ ಕೆಸರಿಗೆ ಅಂಟುತ್ತದೆ. ಕಾಯೊಳಗೇ ಕಾಳು ಉಬ್ಬಿ ಮೊಳಕೆ ಒಡೆಯುತ್ತದೆ, ಬೂಸಲು ಹಿಡಿಯುತ್ತದೆ. ಅಡತಿ ಅಂಗಡಿಯಲ್ಲಿ ಕಪ್ಪಾದ ಕಾಳಿಗೆ ಬೆಲೆ ಕಡಿತ ತಪ್ಪದು. ಹಾಗಾಗಿ ಕೊಯ್ದದ್ದು ಒಣಗಿದ್ದರೆ ಅಂದೇ ರಾಶಿ ಮಾಡಿ. ಮಷಿನ್ ಸಿಗದಿದ್ದರೆ ಎತ್ತರದ ಜಾಗದಲ್ಲಿ, ಕೆಳಗೆ ಕಟ್ಟಿಗೆ ಹಾಸಿ, ಕಾಯಿ ಒಳಮುಖವಾಗುವಂತೆ ಬಣಿವೆ ಒಟ್ಟಿ ತಾಡಪತ್ರಿ ಹೊದಿಸಿ. ಬಿಸಿಲು ಬಿದ್ದ ಕೂಡಲೇ ತಾಡಪತ್ರಿ ತೆಗೆಯದಿದ್ದರೆ ಬಣಿವೆ ಒಳಗೇ ಕಾಯ್ದು ಕೆಡುತ್ತದೆ. ಹೊದಿಸುವಾಗಿನ ಅವಸರ ತೆಗೆಯುವಾಗ ಯಾರಿಗೂ ಇರುವುದಿಲ್ಲ.

ಮಾಗಿದ ಸೋಯಾ ಬಿಟ್ಟರೆ ಕಾಯಿ ಸಿಡಿಯುತ್ತದಲ್ಲ ಎಂಬ ಆಕ್ಷೇಪ ನಿಜ. ಆದರೆ ಸಿಡಿಯುವುದು ಒಣಬಿಸಿಲಿಗೆ, ಅದೂ ಒಂದು ಪಾಲು ಮಾತ್ರ. ಕೊಯ್ದು ಹರವಿ ನೀರಲ್ಲಿ ನೆನೆದ ಸಾಲು ಹೋದರೆ ಇಡಿಯಾಗಿ ಹೋಗುತ್ತದೆ. ಮಳೆ ವಾರಗಟ್ಟಲೆ ಹಿಡಿದರೆ ನಿಂತ ಬೆಳೆಯೂ ಮೊಳೆಯುತ್ತದೆ, ಅಲ್ಲಗಳೆಯಲಾಗದು. ಆಗ ಕೊಯ್ದ ಬೆಳೆಯೂ ಉಳಿಯುತ್ತಿರಲಿಲ್ಲ. ಹವಾಮಾನದವರ ಮಾತು ಸುಳ್ಳಾದರೆ? ನಷ್ಟ ಒಂದು ದಿನದ ಕೂಲಿ, ತಾಡಪತ್ರಿಯ ಖರ್ಚು. ಆಳು ಸಿಗುವುದಿಲ್ಲ ಎಂಬುದು ಎಲ್ಲಕ್ಕಿಂತ ಗಟ್ಟಿ ತಕರಾರು. ಹಾಗೆಂದೇ ಹೊಲವನ್ನೆಲ್ಲ ಒಮ್ಮೆಲೇ ಕೊಯ್ದು ಕೆಡವದೆ, ಎರಡು ದಿನದಲ್ಲಿ ರಾಶಿ ಮಾಡಬಲ್ಲಷ್ಟನ್ನೇ ಕೊಯ್ಯುತ್ತ ಹೋಗುವುದು ಲೇಸು. ಸೋಯಾ ನಡುವೆ ತೊಗರಿ ಇದ್ದರೆ ಮಳೆಗೆ ಮುಂಚೆಯೇ ಇಳಿಜಾರಿನ ಬದುವಿನಲ್ಲಿ ನೀರಿಗೆ ದಾರಿ ಬಿಡಿಸಿ, ನಾಲೆಗೆ ಹೊರಳಿಸಿ, ನೆರೆಯವರ ಹೊಲಕ್ಕಲ್ಲ. ನೀರು ನಿಂತ ಹೊಲದ ತೊಗರಿ ಬೇರು ಕೊಳೆತು ಸೊರಗುತ್ತದೆ. ಮಾಂಜರಾ, ತೇರಣಾ ದಂಡೆಯವರು ಮೋಟಾರು, ದನಗಳನ್ನು ಗೇಟು ಎತ್ತುವ ಮೊದಲೇ ಮೇಲಕ್ಕೆ ಸಾಗಿಸಬೇಕು.