*ಇಂದಿನ ಧಮ್ಮ ಚಿಂತನೆ: ಪ್ರಕೃತಿಯ ಅಂಜಿಕೆ*

 

ಹೋದ ವಾರ ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಜೊತೆಯಲ್ಲಿ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಾಳೆ. "ಸರ್, ಅಂವಗ ನಮ್ಮ ಜಾತಿ ಇನ್ನೂ ಹೇಳಿಲ್ರಿ. ಹೇಳಿದ್ರ ಬಿಟ್ಟು ಹೋಗ್ತಾನೇನೋ ಅಂತ ಅಂಜಿಕಿ. ಹೇಳದ ಹತ್ರ ಹೋಗಾಕೂ ಆಗವಲ್ದು" ಎಂದಳು.

ನನಗೆ ಪ್ರಕೃತಿ ನೆನಪಾದಳು. ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ' (1957) ಗ್ರಂಥದಲ್ಲಿ ಅವಳ ಕಥೆ ಇದೆ. ಶ್ರಾವಸ್ತಿಯಲ್ಲಿ ಆನಂದರು ನೀರು ಕೇಳಿದಾಗ ಅವಳು ಕೊಡಲಿಲ್ಲ. ತಾನು ಚಂಡಾಲಿಕೆ ಎಂದಳು. ಅವರು ತಿರಸ್ಕರಿಸುವ ಮೊದಲೇ ತನ್ನನ್ನು ತಾನೇ ತಿರಸ್ಕರಿಸಿಕೊಂಡಳು. ತಮಗೆ ಬೇಕಾದದ್ದು ನೀರು, ಜಾತಿಯಲ್ಲ ಎಂದರು ಆನಂದರು.

ಅಷ್ಟು ಗೌರವ ಸಿಕ್ಕದ್ದೇ ಅವಳು ಅವರಿಗೆ ಮನಸೋತಳು. ಊಟ ಬಿಟ್ಟಳು. ಮದುವೆಗೆ ಒಪ್ಪದಿದ್ದರೆ ಬೆಂಕಿಗೆ ನೂಕುವೆನೆಂದು ತಾಯಿ ಆನಂದರನ್ನು ಬೆದರಿಸಿದಳು. ಅವರು ಮಣಿಯಲಿಲ್ಲ.

ಇಲ್ಲಿ ಎರಡು ಅತಿಗಳಿವೆ. ಒಂದು, ಅಂಜಿ ದೂರ ನಿಲ್ಲುವುದು. ಇನ್ನೊಂದು, ಕಳೆದುಕೊಳ್ಳುವ ಭಯದಿಂದ ಬಿಗಿಯಾಗಿ ಹಿಡಿಯುವುದು: ಗಳಿಗೆಗೊಮ್ಮೆ ಫೋನು, ಮೆಸೇಜು ನೋಡಿಯೂ ಉತ್ತರ ಬರದಿದ್ದರೆ ಜಗಳ, ಸಾಯುತ್ತೇನೆಂಬ ಬೆದರಿಕೆ. ಎರಡಕ್ಕೂ ಬೇರು ಒಂದೇ: ನಾನು ಸಾಲುವುದಿಲ್ಲ ಎಂಬ ನಂಬಿಕೆ. ಈ ನಂಬಿಕೆ ನಮ್ಮೊಳಗೆ ತಾನಾಗಿ ಹುಟ್ಟಿದ್ದಲ್ಲ, ಜಾತಿ ವ್ಯವಸ್ಥೆ ತಲೆಮಾರುಗಳಿಂದ ಕಲಿಸಿದ್ದು.

ಒಂದು ಸೂಕ್ಷ್ಮ ಗಮನಿಸಿ. ಆನಂದರು ಮದುವೆಯನ್ನು ನಿರಾಕರಿಸಿದರು, ಏಕೆಂದರೆ ಅವರು ಬ್ರಹ್ಮಚರ್ಯದ ವ್ರತ ತೊಟ್ಟ ಭಿಕ್ಕು. ಪ್ರಕೃತಿಯನ್ನು ಅವರು ಕೀಳಾಗಿ ಕಾಣಲಿಲ್ಲ. ಬುದ್ಧರು ಅವಳನ್ನು ಗದರಿಸಿ ಕಳಿಸಲಿಲ್ಲ, ಕರೆದು ಮಾತಾಡಿಸಿದರು. ಒಬ್ಬರು "ಬೇಡ" ಎಂದರೆ ನಮ್ಮ ಬೆಲೆ ಇಳಿಯುವುದಿಲ್ಲ. ಜಾತಿಗಾಗಿ "ಬೇಡ" ಎಂದರೆ ಆ ಕೊರತೆ ಹೇಳಿದವರದು.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗಂಡನ ಕರ್ತವ್ಯಗಳಲ್ಲಿ ಮೊದಲಿಗೆ ಹೇಳಿದ್ದು ಹೆಂಡತಿಯನ್ನು ಗೌರವಿಸುವುದು. ಮುಚ್ಚಿಟ್ಟು ಗಳಿಸಿದ ಪ್ರೀತಿಯಲ್ಲಿ ಆ ಗೌರವ ಇದೆಯೋ ಇಲ್ಲವೋ ಎಂದೇ ಗೊತ್ತಾಗುವುದಿಲ್ಲ.

ಆ ಹುಡುಗಿಗೆ ಇಷ್ಟೇ ಹೇಳಿದೆ: "ತಂಗಿ, ಮನಸ್ಸು ಪೂರಾ ಕೊಡೂಕ್ಕಿಂತ ಮೊದ್ಲ ಹೇಳು. ನಾಚ್ಕೊಂಡು ಹೇಳಬ್ಯಾಡ, ತಲಿ ಎತ್ತಿ ಹೇಳು. ನಂಬಿಗಸ್ತರು ಒಬ್ರಿಗೆ ಗೊತ್ತಿರ್ಲಿ. ಅಂವ ಹೋದ್ರ ಅಳು ಬರ್ತದ, ಅಳು. ಆದ್ರ ನೀ ಸಣ್ಣಾಕಿ ಆಗೂದಿಲ್ಲ."

ಅವಳು ಗೋಗಟೆ ಸರ್ಕಲ್‌ನಲ್ಲಿ ಇಳಿದು ಹೋದಳು. ಏನಾಯಿತೋ ನಾನು ಕೇಳಿಲ್ಲ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಮೈತ್ರಿ ಭಾವನೆ. ಮೊದಲು ನಿಮಗೆ, ಆಮೇಲೆ ಪ್ರಿಯರಿಗೆ. ಕೊನೆಗೆ ಕೇಳಿಕೊಳ್ಳಿ: ನಾನು ಪ್ರೀತಿಸುತ್ತಿದ್ದೇನೆಯೋ, ಅಂಜಿ ಹಿಡಿದುಕೊಂಡಿದ್ದೇನೆಯೋ?

ಭವತು ಸಬ್ಬ ಮಂಗಲಂ. ಜೈ ಭೀಮ್.