ಈ ವರ್ಷ ಸೀನಿಯರ್ ಆಗುವವನಿಗೆ

ತಮ್ಮಾ, ಇನ್ನೊಂದು ವಾರಕ್ಕೆ ನಿಮ್ಮ ಹಾಸ್ಟೆಲ್ಲಿಗೆ ಹೊಸ ಹುಡುಗರು ಬರುತ್ತಾರೆ. ನೀನು ಎರಡನೇ ವರ್ಷಕ್ಕೆ ಬಂದೆ. ರ್ಯಾಗಿಂಗ್ ಮಾತು ಬಂದಾಗ ಬುದ್ಧಿ ಹೇಳುವವರೆಲ್ಲ ಹೊಸಬರಿಗೇ ಹೇಳುತ್ತಾರೆ: ಹೆದರಬೇಡ, ಗಟ್ಟಿಯಾಗಿರು, ದೂರು ಕೊಡು. ಟ್ರಂಕಿನ ಬೀಗದ ಕೈ ಎಲ್ಲಿಟ್ಟೆ ಅಂತ ಇನ್ನೂ ಹುಡುಕುತ್ತಿರುವ, ಊರು ಬಿಟ್ಟು ಎರಡು ದಿನವಾದ ಹುಡುಗನ ಮೇಲೆ ಅಷ್ಟೂ ಧೈರ್ಯದ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ಈ ಮಾತು ನಿನಗೆ.

ಬಹಳ ವರ್ಷ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ವಾರ್ಡನ್ ಆಗಿದ್ದವನು ನಾನು. ನಾನು ಕಂಡ ಮಟ್ಟಿಗೆ, ಹೊಸಬರನ್ನು ಹೆಚ್ಚು ಗೋಳು ಹೊಯ್ದುಕೊಳ್ಳುವವರು ಕೊನೆಯ ವರ್ಷದವರಲ್ಲ. ಅವರಿಗೆ ಪ್ರಾಜೆಕ್ಟು, ಪ್ಲೇಸ್‌ಮೆಂಟಿನ ಚಿಂತೆ. ಎರಡನೇ ವರ್ಷದವರೇ ಮುಂದೆ ಇರುತ್ತಾರೆ, ಅದರಲ್ಲೂ ಹಿಂದಿನ ವರ್ಷ ಹೆಚ್ಚು ಅನುಭವಿಸಿದವರು. “ನಮಗೂ ಮಾಡ್ಯಾರ್ರಿ ಸರ, ಏನಾತು? ಗಟ್ಟಿ ಆದ್ವಿ” ಎಂದು ನನ್ನ ಎದುರು ಕುರ್ಚಿಯಲ್ಲಿ ಕೂತು ಹೇಳಿದ ಹುಡುಗರು ಎಷ್ಟೋ. ಅವರು ಗಟ್ಟಿಯಾಗಿರಲಿಲ್ಲ. ತಮಗಾದ ಅವಮಾನವನ್ನು ಇನ್ನೊಬ್ಬನ ಮೇಲೆ ಹಾಕಿದರೆ ಎದೆ ಹಗುರಾದೀತು ಎಂದುಕೊಂಡಿದ್ದರು. ಸಾಲ ತೆಗೆದುಕೊಂಡವನನ್ನು ಬಿಟ್ಟು ದಾರಿಹೋಕನ ಹತ್ತಿರ ವಸೂಲಿಗೆ ನಿಂತ ಹಾಗೆ ಅದು.

ಕಳೆದ ವರ್ಷ ನಿನಗಾದದ್ದನ್ನು ನೀನು ಅಮ್ಮನಿಗೆ ಹೇಳಿಲ್ಲ, ನನಗೂ ಅರ್ಧವೇ ಹೇಳಿದೆ. ಉಳಿದರ್ಧ ನನಗೆ ಗೊತ್ತು. ರಾತ್ರಿ ಹನ್ನೊಂದರ ಮೇಲೆ ಬಾಗಿಲು ಬಡಿಯುತ್ತಾರೆ. ಸೀನಿಯರ್ ಕೋಣೆಯಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಮುಖ ನೋಡುವಂತಿಲ್ಲ, ಅಂಗಿಯ ಮೂರನೇ ಗುಂಡಿಯನ್ನೇ ನೋಡುತ್ತಿರಬೇಕು. “ಇಂಟ್ರೊ ಕೊಡಲೇ” ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ಇಂಗ್ಲಿಷಿನಲ್ಲಿ ತಡವರಿಸಿದರೆ ಅದನ್ನೇ ಹತ್ತು ಸಲ ಹೇಳಿಸಿ ನಗುತ್ತಾರೆ. ಆಮೇಲೆ “ಸೀಟು ಯಾವ ಕೆಟಗರಿ?” ಎಂಬ ಪ್ರಶ್ನೆ. ಅದು ಜಾತಿ ಕೇಳುವ ದಾರಿ, ಕೇಳುವವನಿಗೂ ಗೊತ್ತು, ನಿಂತವನಿಗೂ ಗೊತ್ತು. ಬೆಳಿಗ್ಗೆ ನೋಡಿದರೆ ಅದೇ ಹುಡುಗ ತನ್ನದಲ್ಲದ ಮೂರು ಲ್ಯಾಬ್ ರೆಕಾರ್ಡ್ ಬರೆಯುತ್ತ ಕೂತಿರುತ್ತಾನೆ, ಕಣ್ಣು ಕೆಂಪಗಾಗಿರುತ್ತದೆ, ಬೆರಳ ತುಂಬ ಮಸಿ. ಇದನ್ನೆಲ್ಲ ತಮಾಷೆ ಎನ್ನುತ್ತಾರೆ. ನಿಲ್ಲಿಸು ಎಂದು ಹೇಳುವ ಹಕ್ಕು ಒಬ್ಬನಿಗೆ ಇಲ್ಲವೆಂದ ಮೇಲೆ ಅದು ತಮಾಷೆಯಾಗಿ ಉಳಿದಿಲ್ಲ.

ನಿನ್ನ ಸ್ವಭಾವ ಬಲ್ಲೆ, ನೀನಾಗಿ ಯಾರನ್ನೂ ಕಾಡುವವನಲ್ಲ. ಆದರೆ ಬಾಗಿಲಿಗೆ ಒರಗಿ ನೋಡುತ್ತ ನಿಲ್ಲುವವರ ಸಾಲಿನಲ್ಲಿ ನೀನು ನಿಂತೀಯೆ ಎಂಬ ಚಿಂತೆ ನನಗಿದೆ. ನಾನು ವಿಚಾರಣೆ ಮಾಡಿದ ಪ್ರಕರಣಗಳಲ್ಲಿ ಕಾಡಿದವರು ಇಬ್ಬರೋ ಮೂವರೋ, ನೋಡುತ್ತ ನಿಂತವರು ಅದಕ್ಕಿಂತ ಬಹಳ ಜನ. “ನಾನೇನೂ ಮಾಡಿಲ್ಲ ಸರ, ಸುಮ್ಮನೆ ನಿಂತಿದ್ದೆ” ಎನ್ನುತ್ತಿದ್ದರು. ಹಾಗೆ ನಿಂತವರ ನಗು ಕೇಳಿಸಿಕೊಳ್ಳಲಿಕ್ಕೇ ಅಲ್ಲವೇ ಕಾಡುವವನು ಕಾಡುವುದು? ನೋಡುವವರು ಅಲ್ಲಿಂದ ಹೋದರೆ ಅವನಿಗೆ ಅರ್ಧ ಉಮೇದು ಇಳಿದುಹೋಗುತ್ತದೆ.

ಹಾಗಂತ ಜಗಳಕ್ಕೆ ಇಳಿ ಎನ್ನುವುದಿಲ್ಲ. ಒಳಗೆ ಹೋಗಿ “ಏ, ಸಾಕು ಬಿಡ್ರಲೇ, ನಾಳೆ ಇಂಟರ್ನಲ್ಸ್ ಐತಿ” ಎಂದು ಹೊಸ ಹುಡುಗನ ಹೆಗಲ ಮೇಲೆ ಕೈಹಾಕಿ ಹೊರಗೆ ಕರೆದುಕೊಂಡು ಬಾ. ವಾರ್ಡನ್ ಕರೆಯುತ್ತಿದ್ದಾರೆ ಅಂತ ಸುಳ್ಳು ಹೇಳಿದರೂ ಪರವಾಗಿಲ್ಲ, ನಾನಾದರೆ ಆ ಸುಳ್ಳಿಗೆ ಒಪ್ಪುತ್ತಿದ್ದೆ. ಒಬ್ಬನೇ ಹೋಗಲು ಅಳುಕಾದರೆ ನಿನ್ನ ರೂಮ್‌ಮೇಟನ್ನು ಕರೆದುಕೊಂಡು ಹೋಗು.

ಬಾಯಿಬಿಟ್ಟು ಹೇಳದವರನ್ನು ಗುರುತಿಸಲು ಮೆಸ್ಸಿನ ಕಡೆ ನೋಡು. ಕಾಟಕ್ಕೆ ಸಿಕ್ಕ ಹುಡುಗ ಸೀನಿಯರ್‌ಗಳು ಉಂಡು ಎದ್ದ ಮೇಲೆ ಬರುತ್ತಾನೆ, ಇಲ್ಲವೇ ಬರುವುದೇ ಇಲ್ಲ, ಕೋಣೆಯಲ್ಲಿ ಬಿಸ್ಕೀಟು ತಿಂದು ಮಲಗುತ್ತಾನೆ. ಎಲ್ಲರೂ ಮಲಗಿದ ಮೇಲೆ ಬಟ್ಟೆ ಒಗೆಯುತ್ತಾನೆ. ಶನಿವಾರ ಮಧ್ಯಾಹ್ನವಾದರೆ ಸಾಕು, ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಓಡುತ್ತಾನೆ. ಮೊಬೈಲ್ ಸದ್ದಾದರೆ ಬೆಚ್ಚುತ್ತಾನೆ. ಇಂಥವನು ಕಂಡರೆ ತಟ್ಟೆ ಹಿಡಿದು ಅವನ ಎದುರಿಗೆ ಹೋಗಿ ಕೂಡು. ಮೊದಲ ದಿನವೇ ಏನಾಯಿತೆಂದು ಕೇಳಬೇಡ, ಊರು ಯಾವುದೆಂದು ಕೇಳು.

ಕಾನೂನಿನ ಮಾತನ್ನೂ ಕಿವಿಗೆ ಹಾಕಿಕೋ. ಪ್ರವೇಶದ ಹೊತ್ತಿಗೆ ನೀನೂ ನಿನ್ನ ಅಪ್ಪನೂ ರ್ಯಾಗಿಂಗ್ ವಿರುದ್ಧ ಮುಚ್ಚಳಿಕೆ ಕೊಟ್ಟಿದ್ದೀರಿ. ಅದು ಬಂದದ್ದು ಯುಜಿಸಿಯ 2009ರ ನಿಯಮದಿಂದ. ಆ ನಿಯಮದ ಹಿಂದೆ ಒಂದು ಸಾವಿದೆ. ಹಿಮಾಚಲ ಪ್ರದೇಶದ ಟಾಂಡಾದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದ ಅಮನ್ ಕಾಚ್ರೂ, ಸೀನಿಯರ್‌ಗಳು ಹೊಡೆದ ಪೆಟ್ಟಿಗೆ 2009ರ ಮಾರ್ಚ್ 8ರಂದು ತೀರಿಕೊಂಡ. ಹತ್ತೊಂಬತ್ತು ವರ್ಷದ ಹುಡುಗ. ಹೊಡೆದ ನಾಲ್ವರೂ ಡಾಕ್ಟರಾಗಲು ಓದುತ್ತಿದ್ದವರು, ಜೈಲು ಶಿಕ್ಷೆಗೆ ಗುರಿಯಾದರು. ಮಗನನ್ನು ಕಳೆದುಕೊಂಡ ತಂದೆ ರಾಜೇಂದ್ರ ಕಾಚ್ರೂ ಆಮೇಲೆ ರ್ಯಾಗಿಂಗ್ ತಡೆಯುವ ಕೆಲಸಕ್ಕೇ ನಿಂತರು. ಅದೇ ವರ್ಷ ಶುರುವಾದ ರ್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಹಗಲು ರಾತ್ರಿ ಕೆಲಸ ಮಾಡುತ್ತದೆ. ನೋಡಿದವನೂ ಫೋನ್ ಮಾಡಬಹುದು.

ಕುಮ್ಮಕ್ಕು ಕೊಡುವುದೂ ಆ ನಿಯಮದಲ್ಲಿ ತಪ್ಪೇ. ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಇಡೀ ಗುಂಪಿಗೇ ಶಿಕ್ಷೆ ಕೊಡಲು ಅವಕಾಶವಿದೆ, ಹಾಗಾಗಿ ಸುಮ್ಮನೆ ನಿಂತಿದ್ದೆ ಎಂಬ ಮಾತು ನಿನ್ನನ್ನು ಕಾಯುವುದಿಲ್ಲ. ಜಾತಿ, ಬಣ್ಣ, ಭಾಷೆ, ಊರು, ಬಡತನ ಹಿಡಿದು ಹಂಗಿಸುವುದೂ ರ್ಯಾಗಿಂಗೇ ಎಂದು 2016ರಲ್ಲಿ ಸೇರಿಸಿದರು. ಹೊಸಬರನ್ನು ವಾಟ್ಸಾಪ್ ಗುಂಪಿಗೆ ಸೇರಿಸಿ ಅಲ್ಲಿಂದ ಹುಕುಂ ಹೊರಡಿಸುತ್ತಾರಲ್ಲ, ಅದೂ ರ್ಯಾಗಿಂಗೇ. ಅಂಥ ಗುಂಪಿನಲ್ಲಿ ನಿನ್ನ ನಂಬರ್ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಹೊರಗೆ ಬಾ.

ಏನಾದರೂ ನಡೆದೇಬಿಟ್ಟರೆ, ಕಾಲೇಜಿನ ಹೆಸರು ಕೆಡುತ್ತದೆ, ಒಳಗೊಳಗೇ ರಾಜಿ ಮಾಡಿಕೊಳ್ಳೋಣ ಎನ್ನುವವರು ಸಿಕ್ಕೇ ಸಿಗುತ್ತಾರೆ. ಒಪ್ಪಬೇಡ. ಹೆಸರು ಕೆಡುವುದು ಮುಚ್ಚಿಟ್ಟಾಗ. ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚೀಟಿ ಇಟ್ಟುಕೊ. ದೂರು ಬರಹದಲ್ಲೇ ಇರಲಿ, ತಾರೀಖು, ಹೊತ್ತು, ಕೋಣೆಯ ನಂಬರ್ ಎಲ್ಲ ಹಾಕಿ. ಕಾಟಕ್ಕೆ ಸಿಕ್ಕ ಹುಡುಗ ಸಾಯುವ ಮಾತಾಡಿದರೆ, ಮಾತೇ ನಿಲ್ಲಿಸಿದರೆ, ಅವನನ್ನು ಒಬ್ಬನನ್ನೇ ಬಿಡಬೇಡ. ಮನೆಯವರಿಗೆ ತಿಳಿಸು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್, 14416ಕ್ಕೆ ಫೋನ್ ಮಾಡು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನಿನ್ನ ಮಾತು. ನಿನ್ನನ್ನು ಕಾಡಿದವರು ಈಗ ಮೂರನೇ ವರ್ಷದಲ್ಲಿ ಅದೇ ಕಾರಿಡಾರಿನಲ್ಲಿ ಓಡಾಡುತ್ತಿದ್ದಾರೆ. ಹಳೆಯದಾಯಿತು, ಇನ್ನೇನು ಎಂದು ನೀನು ಅಂದೆ. ಹಳೆಯದಾಗಿಲ್ಲ, ಈಗಲೂ ದೂರು ಕೊಡಬಹುದು. ನೀನು ಕೊಡಲೇಬೇಕೆಂದು ಒತ್ತಾಯ ಮಾಡುವುದಿಲ್ಲ, ಅದು ನಿನಗೆ ಬಿಟ್ಟದ್ದು. ಕೊಡುವುದಾದರೆ ಈ ಶನಿವಾರ ಮನೆಗೆ ಬಾ, ಕೂತು ಬರೆಯೋಣ. ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ನಿನ್ನ ಜೊತೆ ನಾನೂ ಬರುತ್ತೇನೆ. ಅಪ್ಪನಿಗೆ ಹೇಗೆ ಹೇಳುವುದೆಂಬ ಅಳುಕಿದ್ದರೆ, ಅದನ್ನು ನನಗೆ ಬಿಡು.